ಮುಚ್ಚಳ ತೆಗೆದು ನೋಡಿ: ಅಪಾರ್ಟ್‌ಮೆಂಟಿನ ಕಸ ವಿಂಗಡಣೆಯನ್ನು ಅಳೆದು ಬದಲಿಸುವ ಕ್ರಮ

ಅಸೋಸಿಯೇಷನ್ನಿನ ವಾರ್ಷಿಕ ಸಭೆಯಲ್ಲಿ "ಹಸಿ ಕಸ, ಒಣ ಕಸ ಬೇರೆ ಮಾಡುತ್ತೀರಾ?" ಎಂದು ಕೇಳಿದರೆ ಕೈ ಎತ್ತದವರು ಸಿಗುವುದು ಕಷ್ಟ. ಮರುದಿನ ಬೆಳಿಗ್ಗೆ ಆರೂವರೆಗೆ ಬಾಗಿಲ ಮುಂದಿನ ಬಕೆಟ್‌ಗಳ ಮುಚ್ಚಳ ತೆಗೆದರೆ ಲೆಕ್ಕ ಬೇರೆಯೇ ಇರುತ್ತದೆ. ಸೊಪ್ಪಿನ ದಂಟು, ಮಿಕ್ಕ ಅನ್ನ, ಅದರ ನಡುವೆ ಹಾಲಿನ ಪ್ಯಾಕೆಟ್ಟು, ಅಡಿಯಲ್ಲಿ ಮಾತ್ರೆಯ ಖಾಲಿ ಸ್ಟ್ರಿಪ್ಪು. ಕೈ ಎತ್ತಿದವರಲ್ಲಿ ಹೆಚ್ಚಿನವರು ಬೇಕೆಂದು ಸುಳ್ಳು ಹೇಳಿದ್ದಲ್ಲ. ಬೇರೆ ಮಾಡುವುದು ಒಳ್ಳೆಯದು ಎಂದು ಅವರು ನಿಜವಾಗಿಯೂ ನಂಬುತ್ತಾರೆ, ಆ ನಂಬಿಕೆಯನ್ನೇ ಮಾಡಿದ ಕೆಲಸವೆಂದು ಎಣಿಸಿಬಿಡುತ್ತಾರೆ.

ಸಾಮಾಜಿಕ ಮನೋವಿಜ್ಞಾನದಲ್ಲಿ ಇದು ಹಳೆಯ ಸಂಗತಿ. ರಿಚರ್ಡ್ ಲಾಪಿಯರ್ ಎಂಬ ಸಂಶೋಧಕ 1930ರ ಆಚೀಚೆ ಚೀನೀ ದಂಪತಿಯೊಬ್ಬರ ಜೊತೆ ಅಮೆರಿಕ ಸುತ್ತಿದರು. ಹೋದ 251 ಹೋಟೆಲು, ವಸತಿಗೃಹಗಳಲ್ಲಿ ಒಂದು ಕಡೆ ಮಾತ್ರ ಒಳಗೆ ಬಿಡಲಿಲ್ಲ. ಆಮೇಲೆ ಆ ಜಾಗಗಳಿಗೇ "ಚೀನೀಯರನ್ನು ಸೇರಿಸುತ್ತೀರಾ?" ಎಂದು ಪತ್ರ ಬರೆದರು. ಉತ್ತರಿಸಿದ 128ರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ "ಇಲ್ಲ" ಎಂದರು. ಆ ಅಧ್ಯಯನ ಪ್ರಕಟವಾದದ್ದು 1934ರಲ್ಲಿ. ಪರಿಸರಕ್ಕೆ ಸಂಬಂಧಿಸಿದ ವರ್ತನೆಗಳ ಬಗ್ಗೆ 2014ರಲ್ಲಿ ಬಂದ ಒಂದು ಸಮಗ್ರ ವಿಶ್ಲೇಷಣೆಯಲ್ಲೂ, ಜನ ತಾವು ಮಾಡುತ್ತೇವೆಂದು ಹೇಳಿದ್ದಕ್ಕೂ ನಿಜವಾಗಿ ಅಳೆದದ್ದಕ್ಕೂ ಇರುವ ನಂಟು 0.46 ಮಾತ್ರ (ಪೂರ್ತಿ ಹೊಂದಿದ್ದರೆ 1, ಏನೂ ನಂಟಿಲ್ಲದಿದ್ದರೆ 0). ಅಂದರೆ ಅಳತೆಯಲ್ಲಿ ಕಾಣುವ ಏರಿಳಿತದ ಸುಮಾರು ಐದನೇ ಒಂದು ಪಾಲನ್ನಷ್ಟೇ ಬಾಯಿಮಾತು ವಿವರಿಸುತ್ತದೆ.

ಹಾಗಾಗಿ ಇಲ್ಲಿನ ಕ್ರಮದಲ್ಲಿ ಬಕೆಟ್ಟೇ ಮುಖ್ಯ ಸಾಕ್ಷಿ, ಪ್ರಶ್ನಾವಳಿ ಅದರ ಸಹಾಯಕ್ಕೆ. ಸುಮಾರು 100 ಮನೆ, ಎರಡು ಬ್ಲಾಕ್ ಇರುವ ಸಮುಚ್ಚಯವನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಹನ್ನೆರಡು ವಾರ, ನಾಲ್ಕು ಜನ ಸ್ವಯಂಸೇವಕರು, ದಪ್ಪ ರಬ್ಬರ್ ಗ್ಲೌಸು, ಉದ್ದ ಇಕ್ಕಳ, ತೂಗುವ ಸ್ಪ್ರಿಂಗ್ ತಕ್ಕಡಿ, ಒಂದು ರಟ್ಟಿನ ಫಲಕಕ್ಕೆ ಸಿಕ್ಕಿಸಿದ ಹಾಳೆಗಳು. ಇಷ್ಟು ಸಾಕು.

ಹಂತ 1: ಒಂದೇ ವರ್ತನೆ ಆರಿಸಿ

"ಜನರಲ್ಲಿ ಪರಿಸರ ಪ್ರಜ್ಞೆ ಮೂಡಿಸಬೇಕು" ಎಂದು ಹೊರಟರೆ ಕೆಲಸ ಅಲ್ಲಿಗೇ ಕೆಟ್ಟಿತು. ಪ್ರಜ್ಞೆಯನ್ನು ಬಕೆಟ್ಟಿನಲ್ಲಿ ಎಣಿಸಲು ಬರುವುದಿಲ್ಲ. ಮನೋವಿಜ್ಞಾನಿಗಳಾದ ಐಸೆಕ್ ಐಜೆನ್ ಮತ್ತು ಮಾರ್ಟಿನ್ ಫಿಶ್‌ಬೈನ್ ಹೇಳಿಕೊಟ್ಟ ಒಂದು ಶಿಸ್ತು ಇದೆ: ವರ್ತನೆಯನ್ನು ಏನು ಕ್ರಿಯೆ, ಯಾವ ವಸ್ತು, ಯಾವ ಸನ್ನಿವೇಶ, ಯಾವ ಸಮಯ ಎಂಬ ನಾಲ್ಕು ತುಂಡಾಗಿ ಬರೆಯಬೇಕು. ಪ್ರಶ್ನೆಯಲ್ಲೂ ಅದೇ ನಾಲ್ಕು, ಅಳತೆಯಲ್ಲೂ ಅದೇ ನಾಲ್ಕು. ಪರಿಸರದ ಬಗ್ಗೆ ಸಾಮಾನ್ಯ ಪ್ರಶ್ನೆ ಕೇಳಿ ನಿರ್ದಿಷ್ಟ ಕೆಲಸವನ್ನು ಊಹಿಸಲು ಹೋದರೆ ಗುರಿ ತಪ್ಪುತ್ತದೆ.

ಕರ್ನಾಟಕ ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಕಡ್ಡಾಯ ಮಾಡಿದ "ಎರಡು ಬಕೆಟ್, ಒಂದು ಚೀಲ" ಪದ್ಧತಿಯಲ್ಲಿ ಹಸಿರು ಬಕೆಟ್ಟಿಗೆ ಹಸಿ ಕಸ, ಕೆಂಪು ಬಕೆಟ್ಟಿಗೆ ಡೈಪರ್, ಪ್ಯಾಡ್, ಬ್ಯಾಂಡೇಜಿನಂಥವು, ಚೀಲಕ್ಕೆ ಒಣ ಕಸ. ಈ ಮೂರನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ. ಹಸಿರು ಬಕೆಟ್ಟನ್ನು ಹಿಡಿಯಿರಿ, ಏಕೆಂದರೆ ಅದು ದಿನಾ ಹೊರಗೆ ಬರುತ್ತದೆ, ಅದು ಶುದ್ಧವಾದರೆ ಗೊಬ್ಬರವೂ ಆಗುತ್ತದೆ, ಒಣ ಕಸವೂ ಒದ್ದೆಯಾಗದೆ ಉಳಿಯುತ್ತದೆ. ನಿಮ್ಮ ವಾಕ್ಯ ಹೀಗಿರಲಿ: "ಬೆಳಿಗ್ಗೆ ಕಸ ಎತ್ತುವ ಹೊತ್ತಿಗೆ ಬಾಗಿಲ ಮುಂದೆ ಇಟ್ಟ ಹಸಿರು ಬಕೆಟ್ಟಿನಲ್ಲಿ ಹಸಿ ಕಸ ಬಿಟ್ಟು ಬೇರೇನೂ ಇರಬಾರದು, ಪ್ಲಾಸ್ಟಿಕ್ ಕವರಿನ ಹೊದಿಕೆಯೂ ಸೇರಿ."

ಕ್ರಿಯೆ ಮಾಡುವವರು ಯಾರು ಎಂಬುದು ಐದನೆಯ ತುಂಡು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಎಲ್ಲರೂ ಎಡವುವುದು ಇಲ್ಲೇ. ಸಭೆಗೆ ಬರುವವರು ಯಜಮಾನರು, ಫಾರಂ ತುಂಬುವವರು ಅವರ ಮಗಳು, ತರಕಾರಿ ಹೆಚ್ಚಿ ಸಿಪ್ಪೆ ಎಸೆಯುವವರು ಅಡುಗೆಗೆ ಬರುವ ಅಕ್ಕ. ಕಸ ಬೀಳುವ ಕ್ಷಣದಲ್ಲಿ ಸಿಂಕಿನ ಪಕ್ಕ ನಿಂತಿರುವವರು ಯಾರೆಂದು ಮನೆಮನೆಗೆ ಒಂದು ಗುರುತು ಹಾಕಿಕೊಳ್ಳಿ.

ಹಂತ 2: ಒಪ್ಪಿಗೆ

ಕಸದ ಬಕೆಟ್ಟು ಮನೆಯೊಳಗಿನ ಬದುಕನ್ನು ಬಿಚ್ಚಿಡುತ್ತದೆ: ಕಾಯಿಲೆ, ಕುಡಿತ, ಬ್ಯಾಂಕಿನ ಕಾಗದ. ಆದ್ದರಿಂದ ಸಮಿತಿಯ ಲಿಖಿತ ಒಪ್ಪಿಗೆಯ ಜೊತೆ ಪ್ರತಿ ಮನೆಯ ಒಪ್ಪಿಗೆಯೂ ಬೇಕು, ಬೇಡ ಎಂದವರ ಬಕೆಟ್ಟು ಮುಟ್ಟುವಂತಿಲ್ಲ. ಫ್ಲ್ಯಾಟ್ ನಂಬರಿನ ಬದಲು ಸಂಕೇತ ಸಂಖ್ಯೆ ಬಳಸಿ. ಎರಡನ್ನೂ ಜೋಡಿಸುವ ಪಟ್ಟಿ ಒಬ್ಬರ ಬಳಿ ಮಾತ್ರ ಇರಲಿ, ಕೆಲಸ ಮುಗಿದ ಮೇಲೆ ಹರಿದು ಹಾಕಿ. ಬಕೆಟ್ಟಿನ ಫೋಟೋ ಬೇಡ. ಕಾಲೇಜು ಅಥವಾ ಸಂಸ್ಥೆಯ ಮೂಲಕ ಮಾಡುತ್ತಿದ್ದರೆ ಅಲ್ಲಿನ ನೈತಿಕ ಸಮಿತಿಯ ಮಂಜೂರಾತಿ ಮೊದಲು, ಮಿಕ್ಕದ್ದೆಲ್ಲ ಆಮೇಲೆ.

"ಮೊದಲೇ ಹೇಳಿದರೆ ಜನ ಹುಷಾರಾಗುತ್ತಾರಲ್ಲ?" ಆಗುತ್ತಾರೆ. ಆದರೆ ಆ ಹುಷಾರು ದಿನ ಕಳೆದಂತೆ ಬಹುಮಟ್ಟಿಗೆ ಸವೆಯುತ್ತದೆ. ಮೂರು ವಾರ ನೋಡಿ, ಮೊದಲ ವಾರದ ಅಂಕಿ ಬಿಟ್ಟುಬಿಡಿ.

ಹಂತ 3: ಬಕೆಟ್ ಓದುವ ವಿಧಾನ

ವಾರಕ್ಕೆ ಎರಡು ದಿನ. ಯಾವ ದಿನ ಎಂಬುದನ್ನು ಚೀಟಿ ಎತ್ತಿ ಆರಿಸಿ, ಯಾರಿಗೂ ತಿಳಿಸಬೇಡಿ. ಕಸ ಎತ್ತುವವರು ಬರುವ ಮುಂಚೆ, ಇಬ್ಬರ ಜೋಡಿ ಒಂದು ಬ್ಲಾಕಿಗೆ. ಒಂದು ಬಕೆಟ್ಟಿಗೆ ಸುಮಾರು ಒಂದು ನಿಮಿಷ: ಮುಚ್ಚಳ ತೆಗೆಯುವುದು, ಇಕ್ಕಳದಿಂದ ಎರಡು ಬಾರಿ ಅಡಿಯಿಂದ ಮಗುಚುವುದು, ಬರೆಯುವುದು. ಮೇಲಿನಿಂದ ನೋಡಿ ಅಂಕ ಕೊಟ್ಟರೆ ಎಲ್ಲರೂ ಪಾಸಾಗುತ್ತಾರೆ. ತಪ್ಪು ಯಾವಾಗಲೂ ಅಡಿಯಲ್ಲೇ ಇರುತ್ತದೆ, ಏಕೆಂದರೆ ದಿನದ ಮೊದಲ ಕಸ ಹಾಲಿನದು.

ಬರೆಯುವುದು ಮೂರೇ ಕಾಲಂ. ಸರಿಯೋ ತಪ್ಪೋ ಒಂದು. ತಪ್ಪಿದ್ದರೆ ಯಾವ ವಸ್ತು ಎರಡನೆಯದು. ಬಕೆಟ್ಟೇ ಇಡದಿದ್ದರೆ ಮೂರನೆಯದರಲ್ಲಿ ಗುರುತು. ಇಡದ ಮನೆಯನ್ನು "ಸರಿ" ಎಂದಾಗಲಿ "ತಪ್ಪು" ಎಂದಾಗಲಿ ಎಣಿಸಬಾರದು, ಲೆಕ್ಕದಿಂದ ಹೊರಗಿಡಬೇಕು. ಹೊರಗುಳಿದವರ ಸಂಖ್ಯೆ ವಾರವಾರಕ್ಕೂ ಏರುತ್ತಿದ್ದರೆ ಮಾತ್ರ ಎಚ್ಚರ, ಯಾರೋ ಮೂಲೆಯ ಖಾಲಿ ಸೈಟಿಗೆ ಎಸೆಯುತ್ತಿದ್ದಾರೆ.

ಅನುಮಾನದ ವಸ್ತುಗಳ ಪಟ್ಟಿಯನ್ನು ಮೊದಲ ದಿನವೇ ಬರೆದಿಡಿ. ಮೊಟ್ಟೆ ಚಿಪ್ಪು ಹಸಿ. ಕಸ ಗುಡಿಸಿದ ದೂಳು, ಕೂದಲು ಹಸಿಯಲ್ಲ. ಎಳನೀರಿನ ಬುರುಡೆ, ತೆಂಗಿನ ಚಿಪ್ಪನ್ನು ನಿಮ್ಮ ಕಸದ ಆಟೋದವರು ಹೇಗೆ ತೆಗೆದುಕೊಳ್ಳುತ್ತಾರೋ ಕೇಳಿ ಹಾಗೇ ನಿರ್ಧರಿಸಿ. ಚಹಾದ ಪುಡಿ ಹಸಿ, ಆದರೆ ಟೀ ಬ್ಯಾಗಿನ ಸ್ಟೇಪಲ್ ಪಿನ್ನು? ಅದಕ್ಕೂ ಒಂದು ತೀರ್ಮಾನ ಬೇಕು. ಇಲ್ಲದಿದ್ದರೆ ಒಬ್ಬರು ಪಾಸು ಮಾಡಿದ್ದನ್ನು ಇನ್ನೊಬ್ಬರು ಫೇಲು ಮಾಡುತ್ತಾರೆ.

ಈ ವ್ಯತ್ಯಾಸ ಎಷ್ಟಿದೆ ಎಂದು ಅಳೆಯಲು ಮೊದಲ ವಾರ ಒಂದೇ 40 ಬಕೆಟ್ಟನ್ನು ಇಬ್ಬರೂ ಒಬ್ಬರದನ್ನೊಬ್ಬರು ನೋಡದೆ ಬರೆಯಲಿ. ಉದಾಹರಣೆಗೆ ಇಬ್ಬರೂ "ಸರಿ" ಎಂದದ್ದು 20, ಇಬ್ಬರೂ "ತಪ್ಪು" ಎಂದದ್ದು 14, ಮಿಕ್ಕ 6ರಲ್ಲಿ ಜಗಳ ಎನ್ನಿ. ಹೊಂದಾಣಿಕೆ ಶೇ. 85, ಚೆನ್ನಾಗಿ ಕಾಣುತ್ತದೆ. ಆದರೆ ಒಬ್ಬರು ಒಟ್ಟು 24ಕ್ಕೆ, ಇನ್ನೊಬ್ಬರು 22ಕ್ಕೆ "ಸರಿ" ಕೊಟ್ಟಿದ್ದರೆ ಕಣ್ಣುಮುಚ್ಚಿ ಬರೆದಿದ್ದರೂ ಶೇ. 51ರಷ್ಟು ಹೊಂದುತ್ತಿತ್ತು. ಅದನ್ನು ಕಳೆದು ಮಿಕ್ಕದ್ದರಿಂದ ಭಾಗಿಸಿದರೆ (85−51)÷(100−51), ಅಂದರೆ 0.69. ಇದಕ್ಕೆ ಕೋಹೆನ್ನರ ಕಪ್ಪಾ ಎನ್ನುತ್ತಾರೆ. 0.7ರ ಸುತ್ತ ಬಂದರೆ ಮುಂದುವರಿಯಿರಿ, 0.5 ಬಂದರೆ ಜಗಳದ ಬಕೆಟ್ಟುಗಳನ್ನು ಮುಂದಿಟ್ಟುಕೊಂಡು ಪಟ್ಟಿ ತಿದ್ದಿ ಮತ್ತೊಮ್ಮೆ ಮಾಡಿ.

ಎರಡನೆಯ ಕಾಲಂ, ಅಂದರೆ ತಪ್ಪಿದ ವಸ್ತುವಿನ ಹೆಸರು, ಇಡೀ ಅಧ್ಯಯನದಲ್ಲಿ ಅತಿ ಬೆಲೆಬಾಳುವ ಮಾಹಿತಿ. ಶೇಕಡಾವಾರು ತಪ್ಪು ಎಷ್ಟಿದೆ ಎನ್ನುತ್ತದೆ, ವಸ್ತುವಿನ ಪಟ್ಟಿ ಎಲ್ಲಿ ಕೈಹಾಕಬೇಕು ಎನ್ನುತ್ತದೆ. ಒಂದು ಉದಾಹರಣೆ ಹತ್ತಿರದಿಂದ ನೋಡಿ. ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸುವ ಮನೆಯ ಬಕೆಟ್ಟಿನಲ್ಲೂ ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ತ್ರಿಕೋನ ಸಿಗುತ್ತದೆ. ಪ್ಯಾಕೆಟ್ಟಿನ ಮೂಲೆ ಅದು. ಕತ್ತರಿಸಿದ ಕೂಡಲೇ ಸಿಂಕಿಗೆ ಬೀಳುತ್ತದೆ, ಜಾಲರಿಯಲ್ಲಿ ಅನ್ನದ ಅಗುಳಿನ ಜೊತೆ ಸೇರುತ್ತದೆ, ಜಾಲರಿ ಕೊಡವಿದಾಗ ಹಸಿ ಬಕೆಟ್ಟಿಗೆ. ಇಲ್ಲಿ ಮನೋಭಾವದ ಕೊರತೆ ಎಲ್ಲೂ ಇಲ್ಲ, ಕತ್ತರಿಯ ದಾರಿ ತಪ್ಪಿದೆಯಷ್ಟೆ. ಮೂಲೆಯನ್ನು ಪೂರ್ತಿ ಕತ್ತರಿಸದೆ ಒಂದೆಳೆ ಬಿಟ್ಟರೆ ತ್ರಿಕೋನ ಪ್ಯಾಕೆಟ್ಟಿನಲ್ಲೇ ಉಳಿಯುತ್ತದೆ. ಜಾಗೃತಿ ಭಾಷಣ ಎಷ್ಟು ಮಾಡಿದರೂ ಈ ಪರಿಹಾರ ಹೊಳೆಯುವುದಿಲ್ಲ.

ಹಂತ 4: ಪ್ರಶ್ನಾವಳಿ, ಒಂದೇ ಹಾಳೆ

ಐಜೆನ್ 1991ರಲ್ಲಿ ವಿಸ್ತರಿಸಿ ಬರೆದ ಸಿದ್ಧಾಂತದ ಪ್ರಕಾರ ಒಂದು ಕೆಲಸ ಮಾಡುವ ಉದ್ದೇಶ ಮೂರು ಕಡೆಯಿಂದ ಬರುತ್ತದೆ: ಅದರ ಬಗ್ಗೆ ನಮ್ಮ ಮನೋಭಾವ, ಬೇಕಾದವರು ನಮ್ಮಿಂದ ಅದನ್ನು ನಿರೀಕ್ಷಿಸುತ್ತಾರೆಂಬ ಭಾವನೆ, ಮತ್ತು ನಮ್ಮ ಕೈಲಿ ಆದೀತೆಂಬ ಅಂದಾಜು. ಮೂರಕ್ಕೂ ಎರಡೆರಡು ಪ್ರಶ್ನೆ ಸಾಕು. ಮಾದರಿ:

"ಮುಂದಿನ ವಾರ ದಿನಾ ಹಸಿ ಕಸಕ್ಕೆ ಪ್ಲಾಸ್ಟಿಕ್ ಸೇರದಂತೆ ನೋಡಿಕೊಳ್ಳುವುದು ನನಗೆ ಸುಲಭ."
"ನಮ್ಮ ಮಹಡಿಯ ಮನೆಗಳವರು ಹಸಿ ಕಸಕ್ಕೆ ಪ್ಲಾಸ್ಟಿಕ್ ಸೇರಿಸುವುದಿಲ್ಲ."
"ಬೇರೆ ಮಾಡಿಕೊಟ್ಟ ಕಸ ಆಟೋದಲ್ಲಿ ಮತ್ತೆ ಒಂದಾಗುತ್ತದೆ."

ಕೊನೆಯದನ್ನು ಬಿಡಲೇಬೇಡಿ. ಬೇರೆ ಮಾಡದವರು ಕೊಡುವ ಕಾರಣಗಳಲ್ಲಿ ಇದು ಮೇಲಿರುತ್ತದೆ, ಹಲವು ಕಡೆ ನಿಜವೂ ಹೌದು. ನಿಜವಾಗಿದ್ದರೆ ನಿವಾಸಿಗಳ ಮನಸ್ಸು ತಿದ್ದುವ ಮೊದಲು ಆಟೋ ತಿದ್ದಬೇಕು.

ಕನ್ನಡದಲ್ಲಿ ಪ್ರಶ್ನೆ ಬರೆಯುವಾಗ ಕೆಡುವ ಜಾಗಗಳು ಕೆಲವಿವೆ. "ಪ್ರಯೋಜನವಿಲ್ಲ" ಎಂಬ ವಾಕ್ಯ ಕೊಟ್ಟು "ಒಪ್ಪುವುದಿಲ್ಲ" ಎಂಬ ಆಯ್ಕೆ ಇಟ್ಟರೆ ಎರಡು ಇಲ್ಲಗಳ ನಡುವೆ ಉತ್ತರಿಸುವವರು ಸಿಕ್ಕಿಕೊಳ್ಳುತ್ತಾರೆ. "ಸುಲಭ ಮತ್ತು ಉಪಯುಕ್ತ" ಎಂದು ಎರಡನ್ನು ಒಂದರಲ್ಲಿ ತುರುಕಬೇಡಿ. "ಪರಿಸರಸ್ನೇಹಿ", "ಸುಸ್ಥಿರ" ಎಂಬ ಪತ್ರಿಕೆಯ ಪದಗಳು ಅಡುಗೆಮನೆಯಲ್ಲಿ ಯಾರ ಬಾಯಲ್ಲೂ ಇಲ್ಲ. ಇಂಗ್ಲಿಷಿನಿಂದ ಅನುವಾದಿಸಿದ ಪ್ರಶ್ನೆಯಾದರೆ ಮೂಲ ನೋಡದವರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಹೋಲಿಸಿ, ಅರ್ಥ ಎಲ್ಲಿ ಜಾರಿತೆಂದು ಆಗ ಕಾಣುತ್ತದೆ. ಓದು ಬರಹ ರೂಢಿಯಿಲ್ಲದವರಿಗೆ ಒಂದರಿಂದ ಐದರ ಅಂಕಿಗಿಂತ ಖಾಲಿಯಿಂದ ತುಂಬಿದವರೆಗೆ ಐದು ಲೋಟದ ಚಿತ್ರ ತೋರಿಸಿದರೆ ಒಳ್ಳೆಯದು.

ಮನೆಗೆಲಸದವರನ್ನು ಮನೆಯೊಡತಿಯ ಎದುರಿಗೆ ಕೇಳಬೇಡಿ. "ಎಲ್ಲಾ ಸರಿಯಾಗೇ ಮಾಡ್ತೀವಿ ಅಕ್ಕ" ಎಂಬುದೊಂದೇ ಉತ್ತರ ಸಿಗುತ್ತದೆ. ಗೇಟಿನ ಬಳಿ, ಕೆಲಸ ಮುಗಿಸಿ ಹೊರಡುವಾಗ, ಅವರ ಭಾಷೆ ಬಲ್ಲವರು ಕೇಳಲಿ. ಐದೇ ನಿಮಿಷ ತೆಗೆದುಕೊಂಡರೂ ಆ ಹೊತ್ತಿಗೆ ಹಣ ಕೊಡಿ.

ನೆಮ್ಮದಿಯ ಅಳತೆಯೂ ಬೇಕೆಂದರೆ ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಸೂಚ್ಯಂಕ ಬಳಸಬಹುದು. ಕಳೆದ ಎರಡು ವಾರದಲ್ಲಿ ಲವಲವಿಕೆ, ಶಾಂತಿ, ಚುರುಕು, ನಿದ್ದೆಯಿಂದ ಎದ್ದಾಗಿನ ತಾಜಾತನ, ದಿನಚರಿಯಲ್ಲಿ ಆಸಕ್ತಿ ಎಷ್ಟಿತ್ತು ಎಂದು ಕೇಳುತ್ತದೆ. ಪ್ರತಿಯೊಂದಕ್ಕೆ 0ಯಿಂದ 5 ಅಂಕ, ಒಟ್ಟನ್ನು 4ರಿಂದ ಗುಣಿಸಿದರೆ 100ಕ್ಕೆ ಎಷ್ಟು ಎಂದು ಸಿಗುತ್ತದೆ. ಇದನ್ನು ಹಾಳೆಯ ಮೊದಲಿಗೇ ಇಡಿ. ಕಸದ ಪ್ರಶ್ನೆಗಳ ನಂತರ ಇಟ್ಟರೆ ಆ ಕಿರಿಕಿರಿ ಇದಕ್ಕೂ ಅಂಟುತ್ತದೆ. ಅಂಕ 50ಕ್ಕಿಂತ ಕೆಳಗಿದ್ದವರನ್ನು ಸುಮ್ಮನೆ ದಾಖಲಿಸಿ ಬಿಡುವುದು ತಪ್ಪು. ಎಲ್ಲರ ಹಾಳೆಯ ಕೆಳಗೂ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಅಚ್ಚಾಗಿರಲಿ, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಹಸಿ ಕಸ ಶುದ್ಧವಾದ ಮಾತ್ರಕ್ಕೆ ಮೂರು ತಿಂಗಳಲ್ಲಿ ನಿವಾಸಿಗಳ ನೆಮ್ಮದಿಯ ಅಂಕ ಏರುತ್ತದೆಂದು ಕಾಯಬೇಡಿ. ಏರಬಹುದಾದದ್ದು ಬೇರೆ. "ಕಳೆದ ಏಳು ದಿನದಲ್ಲಿ ಎಷ್ಟು ದಿನ ಮೆಟ್ಟಿಲ ಬಳಿ ಕಸದ ವಾಸನೆ ಬಂತು?" ಎಂದು ನಿವಾಸಿಗಳನ್ನು ಕೇಳಿ. ಹೌಸ್‌ಕೀಪಿಂಗಿನವರನ್ನು "ಈ ವಾರ ಎಷ್ಟು ಸಲ ಗಾಜು, ಬ್ಲೇಡು, ಸೂಜಿ ತಾಗಿತು? ಕಸ ಮತ್ತೆ ಬೇರೆ ಮಾಡಲು ದಿನಕ್ಕೆ ಎಷ್ಟು ಹೊತ್ತು ಹಿಡಿಯಿತು?" ಎಂದು ಕೇಳಿ. ನಮ್ಮ ಮಟ್ಟಿಗೆ ಈ ಅಧ್ಯಯನದಲ್ಲಿ ನೆಮ್ಮದಿ ಎಂದರೆ ಮೊದಲು ಅವರ ಕೈಬೆರಳುಗಳದು.

ಹಂತ 5: ಮೊದಲು ಅಡುಗೆಮನೆ, ಆಮೇಲೆ ಮಾತು

ಮೂರು ವಾರದ ಅಂಕಿ ಕೈಗೆ ಬಂದ ಮೇಲೆ ತಪ್ಪುಗಳನ್ನು ಮೂರು ಗುಂಪು ಮಾಡಿ: ಗೊತ್ತಿಲ್ಲದ್ದು, ಆಗದ್ದು, ಬೇಡವಾದದ್ದು. ಗೊತ್ತಿಲ್ಲದಿದ್ದರೆ ಚಿತ್ರವಿರುವ ಪಟ್ಟಿ ಸಾಕು. ಬೇಡವಾದವರು ಎಣಿಸಿದಷ್ಟು ಇರುವುದಿಲ್ಲ. ದೊಡ್ಡ ರಾಶಿ ನಡುವಿನದು.

ಅಡುಗೆಮನೆಯಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಹಸಿ ಬಕೆಟ್ಟು ಸಿಂಕಿನ ಕೆಳಗೆ, ಒಣ ಚೀಲ ಯುಟಿಲಿಟಿಯ ಬಾಗಿಲ ಹಿಂದೆ. ಒದ್ದೆ ಕೈಯಲ್ಲಿ ಹಾಲಿನ ಪ್ಯಾಕೆಟ್ಟು ಹಿಡಿದು ನಾಲ್ಕು ಹೆಜ್ಜೆ ಯಾರೂ ನಡೆಯುವುದಿಲ್ಲ. ಸಿಂಕಿನ ಮೇಲೆ ಒಂದು ಹುಕ್ಕು, ಅದಕ್ಕೆ ಎರಡು ಬಟ್ಟೆ ಕ್ಲಿಪ್ಪು. ತೊಳೆದ ಪ್ಯಾಕೆಟ್ಟು ಅಲ್ಲೇ ತೂಗಿ ನೀರಿಳಿಸಲಿ. ಕಟ್ಟೆಯ ಮೇಲೆ ಸಿಪ್ಪೆಗೆ ಮೂರರಿಂದ ಐದು ಲೀಟರಿನ ಮುಚ್ಚಳದ ಡಬ್ಬ. ಬಕೆಟ್ಟಿಗೆ ಕವರಿನ ಬದಲು ಹಳೆಯ ಪೇಪರು. ಪೇಪರು ತರಿಸದ ಮನೆಗಳಿಗೆ ತರಿಸುವ ಮನೆಗಳಿಂದ ಕೊಡಿಸಬೇಕು, ಈ ಸಣ್ಣ ವಿಷಯ ಮರೆತು ಕವರು ಬೇಡ ಎಂದರೆ ಪಾಲಿಸುವುದು ಹೇಗೆ?

ಇದರ ಜೊತೆಗೆ ಪ್ರತಿ ಮನೆಯವರಿಂದ ಒಂದು "ಆದ ಕೂಡಲೇ" ವಾಕ್ಯ ಬರೆಸಿ. "ಇನ್ನು ಮೇಲೆ ಕಸ ಬೇರೆ ಮಾಡುತ್ತೇನೆ" ಎಂಬ ಪ್ರತಿಜ್ಞೆ ಬೇಡ, ಅದು ಹೊಸವರ್ಷದ ನಿರ್ಧಾರದ ಜಾತಿಯದು. "ಹಾಲು ಪಾತ್ರೆಗೆ ಸುರಿದ ಕೂಡಲೇ ಪ್ಯಾಕೆಟ್ಟು ತೊಳೆದು ಕ್ಲಿಪ್ಪಿಗೆ ಸಿಕ್ಕಿಸುತ್ತೇನೆ" ಎಂದಿರಬೇಕು. ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ ಇಂಥ ಯೋಜನೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. 94 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2006ರ ವಿಶ್ಲೇಷಣೆಯಲ್ಲಿ ಬರೀ ಉದ್ದೇಶವಿದ್ದವರಿಗಿಂತ ಹೀಗೆ ಸಮಯಕ್ಕೆ ಗಂಟು ಹಾಕಿದವರು ಸಾಕಷ್ಟು ಮುಂದಿದ್ದರು. ವಾಕ್ಯವನ್ನು ಬರೆಯಬೇಕಾದವರು ಸಿಂಕಿನ ಮುಂದೆ ನಿಲ್ಲುವವರು ಎಂಬುದನ್ನು ಮತ್ತೆ ನೆನಪಿಸಬೇಕಿಲ್ಲ.

ಇದೆಲ್ಲವನ್ನೂ ಎರಡು ಬ್ಲಾಕಿಗೂ ಒಟ್ಟಿಗೆ ಕೊಡಬೇಡಿ. ಯಾವ ಬ್ಲಾಕ್ ಮೊದಲು ಎಂದು ನಾಣ್ಯ ಚಿಮ್ಮಿ. ಒಂದಕ್ಕೆ ನಾಲ್ಕನೆಯ ವಾರ, ಇನ್ನೊಂದಕ್ಕೆ ಎಂಟನೆಯ ವಾರ. ತಡವಾಗಿ ಪಡೆಯುವ ಬ್ಲಾಕೇ ನಿಮ್ಮ ಹೋಲಿಕೆಯ ಗುಂಪು, ಯಾರಿಗೂ ತಪ್ಪಿಸಿದಂತೆಯೂ ಆಗುವುದಿಲ್ಲ.

ಹಂತ 6: ನೆರೆಯವರ ಲೆಕ್ಕ ತೋರಿಸುವ ಚೀಟಿ

ನಿಮ್ಮನ್ನು ಏನು ಪ್ರಭಾವಿಸುತ್ತದೆ ಎಂದು ಕೇಳಿದರೆ ಜನ ಪರಿಸರ, ಮಕ್ಕಳ ಭವಿಷ್ಯ ಎನ್ನುತ್ತಾರೆ, ಪಕ್ಕದ ಮನೆಯವರನ್ನು ಕೊನೆಯಲ್ಲಿಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್ ಉಳಿತಾಯದ ಬಗ್ಗೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದು ತದ್ವಿರುದ್ಧ: ವರ್ತನೆಯ ಜೊತೆ ಅತಿ ಗಟ್ಟಿ ನಂಟಿದ್ದದ್ದು ನೆರೆಯವರು ಮಾಡುತ್ತಾರೆಂಬ ನಂಬಿಕೆಗೇ.

ಈ ಶಕ್ತಿ ಎರಡೂ ಕಡೆ ಕೊಯ್ಯುತ್ತದೆ. ಅರಿಝೋನಾದ ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಪ್ರವಾಸಿಗರು ಕಲ್ಲಾದ ಮರದ ತುಂಡು ಕದಿಯುತ್ತಿದ್ದರು. "ಹಿಂದೆ ಬಂದ ಅನೇಕರು ತುಂಡುಗಳನ್ನು ಒಯ್ದು ಕಾಡಿಗೆ ಹಾನಿ ಮಾಡಿದ್ದಾರೆ" ಎಂಬ ಫಲಕವಿದ್ದ ಕಡೆ ಗುರುತು ಹಾಕಿಟ್ಟ ತುಂಡುಗಳಲ್ಲಿ ಸುಮಾರು ಶೇ. 8 ಮಾಯವಾದವು. "ದಯವಿಟ್ಟು ಒಯ್ಯಬೇಡಿ" ಎಂದಷ್ಟೇ ಇದ್ದ ಕಡೆ ಶೇ. 2ಕ್ಕೂ ಕಡಿಮೆ. ರಾಬರ್ಟ್ ಚಾಲ್ಡೀನಿಯವರ ತಂಡದ ಪ್ರಯೋಗವಿದು. ಈಗ ನಿಮ್ಮ ವಾಟ್ಸ್ಆ್ಯಪ್ ಗುಂಪು ತೆರೆಯಿರಿ. "ಎಷ್ಟು ಸಲ ಹೇಳಿದರೂ ಅರ್ಧಕ್ಕರ್ಧ ಜನ ಕಸ ಬೇರೆ ಮಾಡುತ್ತಿಲ್ಲ, ನಾಚಿಕೆಗೇಡು!!" ಎಂಬ ಸಂದೇಶ ಇದ್ದೇ ಇರುತ್ತದೆ. ಓದಿದವರಿಗೆ ಅದರಿಂದ ತಿಳಿಯುವುದು ತಾವು ಒಂಟಿಯಲ್ಲ ಎಂಬುದು.

ಚೀಟಿ ಬಾಗಿಲಿನ ಸಂದಿಯಿಂದ ವಾರಕ್ಕೊಮ್ಮೆ ಹೋಗಲಿ, ಹೀಗೆ: "ಕಳೆದ ವಾರ ನಿಮ್ಮ ಬ್ಲಾಕಿನ 48 ಮನೆಗಳಲ್ಲಿ 31ರ ಹಸಿ ಕಸ ಪೂರ್ತಿ ಶುದ್ಧವಾಗಿತ್ತು. ನಿಮ್ಮ ಮನೆ: ನೋಡಿದ 2 ದಿನದಲ್ಲಿ 1 ದಿನ ಸರಿ. ಸಿಕ್ಕಿದ್ದು: ಬಿಸ್ಕತ್ತಿನ ಕವರು." ಇಷ್ಟೇ. ಚೆನ್ನಾಗಿ ಮಾಡಿದ ಮನೆಗೆ ಕೈಯಲ್ಲಿ ಒಂದು ನಗುಮುಖ ಬರೆಯಿರಿ. ಇದು ಮಕ್ಕಳಾಟ ಅನಿಸಬಹುದು. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿ 290 ಮನೆಗಳಿಗೆ ವೆಸ್ಲಿ ಶುಲ್ಟ್ಸ್ ತಂಡ ವಿದ್ಯುತ್ತಿನ ಸರಾಸರಿ ತಿಳಿಸಿದಾಗ ಹೆಚ್ಚು ಬಳಸುತ್ತಿದ್ದವರು ಇಳಿಸಿದರು, ಕಡಿಮೆ ಬಳಸುತ್ತಿದ್ದವರು ಸರಾಸರಿಯತ್ತ ಏರಿದರು. ಚೀಟಿಯಲ್ಲಿ ನಗುಮುಖ ಇದ್ದ ಮನೆಗಳಲ್ಲಿ ಈ ಏರಿಕೆ ಕಾಣಲಿಲ್ಲ.

ಸರಿ ಮಾಡುವವರು ಅರ್ಧಕ್ಕಿಂತ ಕಡಿಮೆ ಇದ್ದರೆ? ಸುಳ್ಳು ಬರೆಯಬೇಡಿ, ಬದಲಾವಣೆಯ ದಿಕ್ಕನ್ನು ಬರೆಯಿರಿ: "ಮೂರು ವಾರದ ಹಿಂದೆ 14 ಮನೆ, ಈಗ 21." ಏರುತ್ತಿರುವ ಸಂಖ್ಯೆಗೂ ಸೆಳೆತವಿದೆ. ಸ್ಟ್ಯಾನ್‌ಫೋರ್ಡಿನ ಕೆಫೆಯೊಂದರಲ್ಲಿ "ಶೇ. 30 ಜನ ಮಾಂಸ ಕಡಿಮೆ ಮಾಡುತ್ತಾರೆ" ಎಂದು ಓದಿದವರಲ್ಲಿ ಶೇ. 17 ಮಂದಿ ಮಾಂಸವಿಲ್ಲದ ಊಟ ತೆಗೆದುಕೊಂಡರೆ, "ಶೇ. 30 ಜನ ಈಚೆಗೆ ಕಡಿಮೆ ಮಾಡತೊಡಗಿದ್ದಾರೆ" ಎಂದು ಓದಿದವರಲ್ಲಿ ಶೇ. 34.

ಹೆಸರು ಹಾಕಿ ಬೋರ್ಡಿಗೆ ಅಂಟಿಸುವುದು ಬೇಡವೇ ಬೇಡ. ಜಿದ್ದು ಹುಟ್ಟುತ್ತದೆ, ಒಪ್ಪಿಗೆ ಕೊಟ್ಟವರ ಮಾತೂ ಮುರಿಯುತ್ತದೆ.

ದಂಡದ ಪ್ರಸ್ತಾಪವೂ ಯಾವುದಾದರೂ ಸಭೆಯಲ್ಲಿ ಬಂದೇ ಬರುತ್ತದೆ. ಇಸ್ರೇಲಿನ ಹೈಫಾದ ಶಿಶುವಿಹಾರಗಳಲ್ಲಿ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ 10 ಶೆಕೆಲ್ ದಂಡ ಹಾಕಿ ನೋಡಿದ ಪ್ರಯೋಗ 2000ದಲ್ಲಿ ಪ್ರಕಟವಾಯಿತು. ತಡ ಮಾಡುವವರು ಸುಮಾರು ಎರಡರಷ್ಟಾದರು, ದಂಡ ತೆಗೆದ ಮೇಲೂ ಇಳಿಯಲಿಲ್ಲ. ಮೊದಲು ಸಂಕೋಚವಿತ್ತು, ದಂಡ ಬಂದ ಮೇಲೆ ಅದು ಬೆಲೆಯಾಯಿತು. ತಿಂಗಳ ನಿರ್ವಹಣಾ ಶುಲ್ಕವನ್ನೇ ಸಾವಿರಗಟ್ಟಲೆ ಕಟ್ಟುವವರಿಗೆ ನೂರು ರೂಪಾಯಿಯ ದಂಡ ಎಂದರೆ ಬೇರೆ ಮಾಡದಿರುವ ಪರವಾನಗಿ. ದಂಡ ಹಾಕಲೇಬೇಕಾದರೆ ನೋವಾಗುವಷ್ಟಿರಬೇಕು, ಅದೂ ಮೇಲಿನದೆಲ್ಲ ಮಾಡಿ ಮುಗಿದ ಮೇಲೆ.

ಹಂತ 7: ಲೆಕ್ಕ

ಮೊದಲ ಬ್ಲಾಕು ಶೇ. 44ರಿಂದ 67ಕ್ಕೆ ಏರಿತು, ಅದೇ ಅವಧಿಯಲ್ಲಿ ಇನ್ನೂ ಏನೂ ಕೊಡದ ಎರಡನೆಯ ಬ್ಲಾಕು 46ರಿಂದ 53ಕ್ಕೆ ಏರಿತು ಎನ್ನಿ. ನಿಮ್ಮ ಕೆಲಸದ ಫಲ 23 ಅಲ್ಲ. 23ರಲ್ಲಿ 7 ಕಳೆದು 16. ಆ 7 ಎಲ್ಲಿಂದ ಬಂತು? ನೋಡುತ್ತಿದ್ದಾರೆಂಬ ಅರಿವು, ಪತ್ರಿಕೆಯ ಸುದ್ದಿ, ಲಿಫ್ಟಿನಲ್ಲಿ ಆಡಿದ ಮಾತು. ಹೋಲಿಕೆಯ ಗುಂಪಿಲ್ಲದ ಅಧ್ಯಯನಗಳು ಇದನ್ನೂ ತಮ್ಮ ಜೇಬಿಗೆ ಹಾಕಿಕೊಳ್ಳುತ್ತವೆ.

ಅತಿ ಕೆಟ್ಟ ಹತ್ತು ಮನೆ ಆರಿಸಿ, ಅವರಿಗೆ ಬುದ್ಧಿ ಹೇಳಿ, ಮುಂದಿನ ವಾರ ಸುಧಾರಿಸಿದರೆಂದು ಹಿಗ್ಗಬೇಡಿ. ನೆಂಟರು ಬಂದಿದ್ದ ವಾರ, ಕೆಲಸದವರು ರಜೆ ಹಾಕಿದ ವಾರ ಯಾರ ಬಕೆಟ್ಟೂ ಕೆಟ್ಟಿರುತ್ತದೆ, ಯಾರೂ ಏನೂ ಹೇಳದಿದ್ದರೂ ಮತ್ತೆ ತನ್ನ ಮಾಮೂಲಿಗೆ ಬರುತ್ತದೆ.

ಎಷ್ಟು ಮನೆ ಬೇಕು? ಒಂದೊಂದು ಮನೆಯನ್ನು ಒಮ್ಮೆ ಮಾತ್ರ ನೋಡಿ ಶೇ. 45 ಮತ್ತು 65ರ ನಡುವಿನ ಅಂತರವನ್ನು ವಾಡಿಕೆಯ ಖಚಿತತೆಯಲ್ಲಿ ಹಿಡಿಯಲು ಗುಂಪಿಗೆ ಸುಮಾರು 95 ಮನೆ, 45 ಮತ್ತು 55ರ ಅಂತರಕ್ಕೆ ಸುಮಾರು 390. ನಿಮ್ಮಲ್ಲಿರುವುದು ಗುಂಪಿಗೆ 48. ಅದೇ ಮನೆಯನ್ನು ಮತ್ತೆ ಮತ್ತೆ ನೋಡುವುದರಿಂದ ಸ್ವಲ್ಪ ಬಲ ಬರುತ್ತದೆ, ಆದರೂ ಐದಾರು ಅಂಕದ ವ್ಯತ್ಯಾಸ ಕಂಡರೆ "ಕೆಲಸ ಮಾಡಿತು" ಎಂದು ಬರೆಯಬೇಡಿ.

ತೂಕವನ್ನೂ ಹಿಡಿಯಿರಿ: ಬ್ಲಾಕಿನ ಒಟ್ಟು ಹಸಿ ಕಸದಿಂದ ಹೌಸ್‌ಕೀಪಿಂಗಿನವರು ಆರಿಸಿ ತೆಗೆದ ಪ್ಲಾಸ್ಟಿಕ್ ದಿನಕ್ಕೆ ಎಷ್ಟು ಕಿಲೋ. ಬಕೆಟ್ಟಿನ ಅಂಕ ಏರಿ ಈ ತೂಕ ಇಳಿಯದಿದ್ದರೆ ಬರೆಯುವವರು ಉದಾರಿಗಳಾಗಿದ್ದಾರೆ ಎಂದರ್ಥ. ಆಯುಧಪೂಜೆ, ಗಣೇಶನ ಹಬ್ಬದ ವಾರಗಳನ್ನು ಲೆಕ್ಕದಿಂದ ಬಿಡಿ. ಬಾಳೆಕಂದು, ಬೂದುಗುಂಬಳ, ಹೂವಿನ ನಡುವೆ ಪ್ಲಾಸ್ಟಿಕ್ ದಾರ ಹುಡುಕುತ್ತಾ ಕೂತರೆ ಬೆಳಗಾಗುತ್ತದೆ.

ಹಂತ 8: ಚೀಟಿ ನಿಂತ ಮೇಲೆ

ಲಂಡನ್ನಿನಲ್ಲಿ 96 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಷ್ಟಾಗಲು ನಡುವಿನ ಅಂಕಿ 66 ದಿನ. ಕೆಲವರಿಗೆ 18, ಕೆಲವರಿಗೆ 254ರವರೆಗೂ ಎಂಬ ಅಂದಾಜು. ನಾಲ್ಕು ವಾರಕ್ಕೇ ಚೀಟಿ ನಿಲ್ಲಿಸಿದರೆ ಬಕೆಟ್ಟು ಹಳೆಯ ದಾರಿಗೆ ಹೊರಳುತ್ತದೆ. ಮೊದಲ ಎರಡು ತಿಂಗಳು ವಾರಕ್ಕೊಮ್ಮೆ, ಮುಂದೆ ತಿಂಗಳಿಗೊಮ್ಮೆ. ಚೀಟಿ ಪೂರ್ತಿ ನಿಂತ ಮೂರು ತಿಂಗಳಿಗೆ, ಹೇಳದೆ, ಮತ್ತೆ ನಾಲ್ಕು ದಿನ ಮುಚ್ಚಳ ತೆಗೆದು ನೋಡಿ. ವರದಿಯಲ್ಲಿ ಹಾಕಬೇಕಾದ ಅಂಕಿ ಅದು.

ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಊರಿನಲ್ಲಿ ಆ ಹೊತ್ತಿಗೆ ಒಂದಷ್ಟು ಮನೆಗಳಲ್ಲಿ ಜನ ಬದಲಾಗಿರುತ್ತಾರೆ. ಇದು ತಲೆನೋವೂ ಹೌದು, ಅವಕಾಶವೂ ಹೌದು. ಇಂಗ್ಲೆಂಡಿನ ಪೀಟರ್‌ಬರೋದಲ್ಲಿ 800 ಮನೆಗಳ ಮೇಲೆ ನಡೆದು 2016ರಲ್ಲಿ ಬಂದ ಅಧ್ಯಯನದಲ್ಲಿ ಪರಿಸರಕ್ಕೆ ಒಗ್ಗುವ ಅಭ್ಯಾಸಗಳನ್ನು ಹೇಳಿಕೊಟ್ಟಾಗ ಹೆಚ್ಚು ಫಲ ಕಂಡದ್ದು ಈಚೆಗೆ ಮನೆ ಬದಲಿಸಿದವರಲ್ಲಿ, ಅದೂ ಬಂದ ಮೊದಲ ಮೂರು ತಿಂಗಳೊಳಗೆ. ಹೊಸ ಅಡುಗೆಮನೆಯಲ್ಲಿ ಕೈಗೆ ಇನ್ನೂ ದಾರಿ ಬಿದ್ದಿರುವುದಿಲ್ಲ. ಆದ್ದರಿಂದ ಹುಕ್ಕು, ಎರಡು ಕ್ಲಿಪ್ಪು, ಮುಚ್ಚಳದ ಡಬ್ಬ, ಚಿತ್ರದ ಪಟ್ಟಿ ಇರುವ ಕಿಟ್ಟುಗಳನ್ನು ಸೆಕ್ಯುರಿಟಿ ಕೋಣೆಯಲ್ಲಿ ಐದಾರು ಸದಾ ಇಟ್ಟಿರಿ. ಸಾಮಾನಿನ ಲಾರಿಯ ನಂಬರನ್ನು ಗೇಟಿನ ರಿಜಿಸ್ಟರಿನಲ್ಲಿ ಬರೆದುಕೊಳ್ಳುವಾಗಲೇ ಒಂದನ್ನು ಕೈಗೆ ಕೊಟ್ಟು, ಪಕ್ಕದ ಕಾಲಂನಲ್ಲಿ ಸಹಿ ಹಾಕಿಸಿಕೊಳ್ಳಿ.